ಅಣ್ಣನ ಎಡಗಡೆ

ನನ್ನ ಅಣ್ಣನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಇಟಲಿ ದೇಶದಲ್ಲಿ ಒಂದು ಹೊಳೆಗೆ ಸೇತುವೆ ಕಟ್ಟುತ್ತಿದ್ದಾಗ ಹತ್ತಿರದಲ್ಲೇ ತೋಪಿನ ಗುಂಡು ಬಿದ್ದು ಆ ಕಿವಿ ಹೋಗಿತ್ತು. ಅದಕ್ಕಾಗಿ ಅವನು ಮರುಗಿದ್ದನ್ನು ನಾನು ನೋಡಿಲ್ಲ. ಯಾರ ಮಾತು ಕೇಳುವ ಮನಸ್ಸಿದೆಯೋ ಅವರನ್ನು ಬಲಗಡೆ ಕೂಡ್ರಿಸಿಕೊಳ್ಳುತ್ತಿದ್ದ, ಬೇಡವಾದವರನ್ನು ಎಡಗಡೆ. ಕಂದಾಯ ಕೇಳಲು ತಲಾಠಿ ಬಂದರೆ ಎಡಗಡೆ. ಎರಡನೆಯ ಮದುವೆಯ ಮಾತು ತರುತ್ತಿದ್ದ ಸೋದರಮಾವ ಬಂದರೆ ಎಡಗಡೆ. ಅಕ್ಕಲಕೋಟದಿಂದ ಬಂದ ಓವರಸಿಯರ ಒಮ್ಮೆ ಅವನ ಎಡಗಡೆ ಕೂತು, ನಮ್ಮ ಹಳ್ಳಕ್ಕೆ ಸೇತುವೆ ಯಾಕೆ ಆಗುವುದಿಲ್ಲ ಎಂಬುದನ್ನು ಬಹಳ ಹೊತ್ತು ಬಿಡಿಸಿ ಹೇಳಿದ. ಅಣ್ಣ ಎಲ್ಲದಕ್ಕೂ ತಲೆದೂಗಿ ಕೊನೆಗೆ ಕೇಳಿದ: "ಹಂಗಾದ್ರ ಕೆಲಸ ಯಾವಾಗ ಚಾಲೂ ಮಾಡ್ತೀರಿ, ಸಾಹೇಬ್ರ?"

ಊರವರಿಗೆ ಈ ಗುಟ್ಟು ಗೊತ್ತಾದ ಮೇಲೆ ನಮ್ಮ ಮನೆಯ ಕಟ್ಟೆಗೆ ಬಂದವರು ಬಲಗಡೆಯ ಜಾಗಕ್ಕೆ ನೂಕಾಡುತ್ತಿದ್ದರು. ಆ ಜಾಗ ಮೊದಲು ನನ್ನದಾಗಿತ್ತು. ಅವನು ಯುದ್ಧದಿಂದ ಬಂದ ದಿನದಿಂದ ನಾನು ಬಲಗಡೆಯವಳು. ಮುಂದೆ ಎಡಗಡೆಯವಳಾದೆ. ಹೇಗಾದೆ ಎಂಬುದನ್ನು ಯಾರಿಗೂ ಹೇಳಿಲ್ಲ.

ಅವನು ಸತ್ತ ಮೇಲೆ ಚಾವಡಿಯಲ್ಲಿ ಒಂದು ಸಭೆ ಮಾಡಿದರು. ಖಾಕಿ ಉಡುಪಿನ ಅವನ ಫೋಟೋವನ್ನು ಕುರ್ಚಿಯ ಮೇಲಿಟ್ಟಿದ್ದರು. ಚುನಾವಣೆಯಲ್ಲಿ ಅವನನ್ನು ಸೋಲಿಸಿದ ಗೌಡರೇ ಬಂದು ಮಾಲೆ ಹಾಕಿದರು. ಹಳ್ಳದ ಸೇತುವೆ ಇನ್ನು ಖಂಡಿತ ಆಗುತ್ತದೆ, ಅದಕ್ಕೆ ಇವನ ಹೆಸರನ್ನೇ ಇಡಬೇಕು ಎಂದು ಮರಾಠಿಯಲ್ಲಿ ಚೆನ್ನಾಗಿ ಮಾತಾಡಿದರು. ಆಮೇಲೆ ಯಾರೋ, ತಂಗಿ ಬಂದಾಳ, ಆಕಿ ಎರಡು ಮಾತು ಹೇಳಲಿ ಎಂದರು. ನಾನು ಎದ್ದು ನಿಂತೆ, ಅತ್ತುಬಿಟ್ಟೆ, ಕೂತೆ. ದುಃಖ ತಡೆಯಲಿಲ್ಲ ಪಾಪ ಎಂದು ಹೆಂಗಸರು ನನ್ನ ಬೆನ್ನು ಸವರಿದರು. ಅಂದು ಹೇಳಲಾಗದ ಮಾತನ್ನು ಈಗ ಬರೆಯುತ್ತಿದ್ದೇನೆ. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಉಳಿದದ್ದನ್ನು ಕಲಿಸಿದವನು ಅವನೇ.

ಅವನು ಪಲ್ಟಣಕ್ಕೆ ಭರ್ತಿಯಾದಾಗ ನನ್ನನ್ನು ಸಾಲಿ ಬಿಡಿಸಿ ಕುರಿ ಹಿಂದೆ ಕಳಿಸಿದ್ದರು. ಯುದ್ಧ ಮುಗಿದು ದುಧನಿ ಸ್ಟೇಶನ್ನಿನಲ್ಲಿ ಇಳಿದವನು ತಗಡಿನ ಟ್ರಂಕು ಹೊತ್ತು ಮನೆಗೆ ಬಂದು, ಅವ್ವನ ಕಾಲಿಗೆ ಬಿದ್ದು, ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು ಯಾವ ಇಯತ್ತೆಯಲ್ಲಿ ಇದ್ದೀ ಎಂಬುದು. ನಾನು ನೆಲ ನೋಡಿದೆ. ಅಂದಿನಿಂದ ಸಂಜೆ ಕುರಿ ಕೂಡಿಹಾಕಿದ ಮೇಲೆ ನನ್ನನ್ನು ಬಲಗಡೆ ಕೂಡ್ರಿಸಿಕೊಂಡು ಓದಿಸತೊಡಗಿದ. ಮಗ್ಗಿ ತಪ್ಪಿದರೆ ಬೈಯುತ್ತಿರಲಿಲ್ಲ. ಎದ್ದು ನಿಂತು ಸಲಾಮು ಹೊಡೆದು, "ಮೇಮಸಾಬ್, ಮತ್ತೊಮ್ಮೆ" ಎನ್ನುತ್ತಿದ್ದ.

ಪಲ್ಟಣದ ರೂಢಿಗಳು ಅವನನ್ನು ಬಿಟ್ಟಿರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಎದ್ದು ಕಂಬಳಿಯನ್ನು ಚೌಕಾಗಿ ಮಡಚುತ್ತಿದ್ದ. ಬೇವಿನ ಗಿಡಕ್ಕೆ ಕನ್ನಡಿ ಸಿಗಿಸಿ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ. ಎತ್ತುಗಳಿಗೆ ಅವನು ಸೇತುವೆ ಕಟ್ಟಿದ ಹೊಳೆಗಳ ಹೆಸರು: ಆರ್ನೋ, ಸಂಗ್ರೋ. ಸಂಗ್ರೋವನ್ನು ಊರಿನವರು ಸಂಗ್ರಾಮ ಮಾಡಿಕೊಂಡರು, ಆರ್ನೋ ಮಾತ್ರ ಯಾರ ಬಾಯಿಗೂ ಹೊಂದಲಿಲ್ಲ. ಬಿತ್ತಿದ ಸಾಲು ಸೊಟ್ಟಾದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಇನ್ನೊಂದು ಮಾತು. ಬಾವಿಯ ಕಾಲುವೆಗೆ ಒಂದು ಹಲಗೆ ಅಡ್ಡ ಹಾಕಿದ್ದರೂ ಅದರ ಮೇಲೆ ಇಬ್ಬರು ಹೆಜ್ಜೆ ಕೂಡಿಸಿ ನಡೆಯಬಾರದು ಎನ್ನುತ್ತಿದ್ದ. ಎಲ್ಲರ ಹೆಜ್ಜೆ ಒಂದೇ ಸಲ ಬಿದ್ದರೆ ದೊಡ್ಡ ಸೇತುವೆಯೂ ಅದೇ ತಾಳ ಹಿಡಿದು ಅಲುಗುತ್ತದಂತೆ, ಪಲ್ಟಣದವರು ಅಲ್ಲಿ ಬೇಕೆಂದೇ ಹೆಜ್ಜೆ ಮುರಿದು ನಡೆಯುತ್ತಾರಂತೆ. ಊರ ಹುಡುಗರು ಆ ಹಲಗೆಯ ಮೇಲೆ ಕುಡಿದವರ ಹಾಗೆ ಓಲಾಡುತ್ತ ದಾಟಿ ಅವನನ್ನು ಅಣಕಿಸುತ್ತಿದ್ದರು. ಅವನೂ ನಗುತ್ತಿದ್ದ. ಅವನು ನಗುತ್ತಿದ್ದ ಕಾಲ ಅದು.

ಆ ನಗೆ ಹೋದದ್ದು ಅತ್ತಿಗೆ ಸತ್ತ ದಿನ.

ಹಸ್ತದ ಮಳೆ ಹಿಡಿದಿತ್ತು. ನನಗೆ ಇನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲೇ ಇದ್ದೆ. ಅತ್ತಿಗೆಗೆ ಬೇನೆ ಶುರುವಾಗಿ ಕೂಸು ಅಡ್ಡ ನಿಂತಿತ್ತು. ಸೂಲಗಿತ್ತಿ ತನ್ನ ಕೈಯಲ್ಲಿ ಆಗುವುದಿಲ್ಲ, ಅಕ್ಕಲಕೋಟದ ದವಾಖಾನೆಗೆ ಒಯ್ಯಿರಿ ಎಂದಳು. ಅಣ್ಣ ಗಾಡಿ ಹೂಡಿದ. ಊರಿಗೂ ಅಕ್ಕಲಕೋಟಕ್ಕೆ ಹೋಗುವ ತಡವಳದ ಹಾದಿಗೂ ನಡುವೆ ಇರುವ ಹಳ್ಳ ಬೇಸಿಗೆಯಲ್ಲಿ ಮರಳಷ್ಟೇ. ಅಂದು ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ಅಣ್ಣ ಜಾಲಿಗಿಡಕ್ಕೆ ಹಗ್ಗ ಕಟ್ಟಿ, ಸೊಂಟಕ್ಕೆ ಬಿಗಿದುಕೊಂಡು, ನೀರಿಗಿಳಿದು ಆಳ ನೋಡಿ ಬಂದ. ಮತ್ತೆ ಇಳಿದ. ಎತ್ತುಗಳು ಕಾಲಿಡಲಿಲ್ಲ. ಬಾಗಿಲು ಕಿತ್ತು ತಂದು ತೆಪ್ಪ ಕಟ್ಟಲು ನೋಡಿದ, ನೀರು ಅದನ್ನು ಎಳೆದುಕೊಂಡು ಹೋಯಿತು. ಗಾಡಿಯ ಕೆಳಗೆ ಕಂಬಳಿ ಹಾಸಿ ಅತ್ತಿಗೆಯನ್ನು ಮಲಗಿಸಿದ್ದೆವು. ಮಧ್ಯಾಹ್ನದ ಮೇಲೆ ನೀರು ಇಳಿಯಿತು. ಅಷ್ಟರಲ್ಲಿ ದಾಟಿಸಬೇಕಾದವಳು ಇರಲಿಲ್ಲ. ಕೂಸೂ ಇರಲಿಲ್ಲ.

ಅಣ್ಣ ದಂಡೆಯ ಮೇಲೆ ಹಸಿ ಬಟ್ಟೆಯಲ್ಲೇ ಕೂತಿದ್ದ. ನಾನು ಹೋಗಿ ಬಲಗಡೆ ಕೂತೆ.

"ಇಡೀ ಪಲ್ಟಣ ದಾಟಿಸೀನಿ, ತಂಗಿ," ಎಂದ.

ಆಮೇಲೆ ಅವನು ಕಚೇರಿಗಳನ್ನು ಸುತ್ತಿದ. ಅಕ್ಕಲಕೋಟದವರು ಸೋಲಾಪುರಕ್ಕೆ ಹೋಗು ಎಂದರು, ಸೋಲಾಪುರದವರು ಇದು ಮುಂಬಯಿಯಲ್ಲಿ ಆಗುವ ಕೆಲಸ ಎಂದರು. ಪಲ್ಟಣದ ಪದಕ ಹಚ್ಚಿಕೊಂಡು ಹೋದರೆ ಕುರ್ಚಿ ಕೊಡುತ್ತಿದ್ದರಂತೆ, ಹಚ್ಚಿಕೊಳ್ಳದೆ ಹೋದರೆ ಅದೂ ಇಲ್ಲವಂತೆ. ಮೊದಲ ಚುನಾವಣೆ ಬಂದಾಗ, ಮುಂಬಯಿಯವರು ಇಲ್ಲಿಗೆ ಬರುವುದಿಲ್ಲ, ನಾನೇ ಮುಂಬಯಿಗೆ ಹೋಗುತ್ತೇನೆ ಎಂದು ನಿಂತುಬಿಟ್ಟ. ಪಕ್ಷವಿಲ್ಲ, ಪುಢಾರಿಯಿಲ್ಲ. ಅವನಿಗೆ ಸಿಕ್ಕ ಚಿಹ್ನೆ ಏಣಿ. ಅದರಿಂದ ಅವನಿಗೆ ಎಂಥ ಆನಂದವಾಯಿತು ಎಂದರೆ, ನಿಜವಾದ ಒಂದು ಏಣಿಯನ್ನೇ ಗಾಡಿಯ ಮೇಲೆ ಹೇರಿಕೊಂಡು ಕರಜಗಿಯಿಂದ ದುಧನಿಯವರೆಗೆ ಊರೂರು ತಿರುಗಿದ. ಊರ ಮುಂದಿನ ಹಳ್ಳಕ್ಕೋ ಗಟಾರಕ್ಕೋ ಆ ಏಣಿಯನ್ನು ಮಲಗಿಸಿ ತಾನೇ ಅದರ ಮೇಲೆ ನಡೆದು ತೋರಿಸುತ್ತಿದ್ದ.

"ನಿಲ್ಲಿಸಿದ್ರ ಏಣಿ, ಅಡ್ಡ ಹಾಕಿದ್ರ ಪೂಲು," ಎನ್ನುತ್ತಿದ್ದ. ನಮ್ಮ ಕಡೆ ಸೇತುವೆಗೆ ಪೂಲು ಎನ್ನುತ್ತೇವೆ. "ನಾ ಮ್ಯಾಲ ಏರಾಕ ಬಂದಿಲ್ರಿ. ದಾಟಸಾಕ ಬಂದೀನಿ." ಅವನ ಭಾಷಣ ಅಷ್ಟೇ. ಜನ ನಗುತ್ತಿದ್ದರು, ಆಮೇಲೆ ತಮ್ಮ ತಮ್ಮ ಹಳ್ಳದ ಸುದ್ದಿ ಹೇಳುತ್ತಿದ್ದರು. ಅವನು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಬಲಗಡೆ ಕೂಡ್ರಿಸಿಕೊಂಡು ಕೇಳುತ್ತಿದ್ದ.

ನನಗೆ ಆಗ ಮದುವೆಯಾಗಿತ್ತು. ಗಂಡನ ಊರು ದುಧನಿ ಕಡೆಯದು. ಅಣ್ಣನ ಎದುರು ನಿಂತ ಗೌಡರು ಅದೇ ಊರಿನವರು. ಅವರಿಗೆ ಸೇತುವೆಯ ಮೇಲೆ ಸಿಟ್ಟಿರಲಿಲ್ಲ, ಒಬ್ಬ ಕುರಿಯವನ ಮಗ ತಮ್ಮೆದುರು ನಿಂತದ್ದರ ಮೇಲೆ ಸಿಟ್ಟಿತ್ತು. ನನ್ನ ಗಂಡನ ಮನೆಯ ಕುರಿಹಿಂಡು ಬೇಸಿಗೆಯೆಲ್ಲ ಅವರ ಹೊಲದಲ್ಲೇ ತಂಗುತ್ತಿತ್ತು. ಕುರಿ ಕೂತೆದ್ದ ಹೊಲಕ್ಕೆ ಗೊಬ್ಬರ ಸಿಗುತ್ತಿತ್ತು, ನಮಗೆ ಜೋಳ ಸಿಗುತ್ತಿತ್ತು, ಹಿಂಡಿಗೆ ಅವರ ಬಾವಿಯ ನೀರು. ಬೇರೆ ಕಡೆ ಆ ಕಾಲದಲ್ಲಿ ನೀರಿರಲಿಲ್ಲ.

ಮತ ಹಾಕುವ ದಿನ ಹತ್ತಿರ ಬಂದಾಗ ಗೌಡರ ಕಾರಭಾರಿ ನಮ್ಮ ಮನೆಗೆ ಬಂದ. ಗಂಡಸರ ಚಿಂತೆ ಅವನಿಗೆ ಇರಲಿಲ್ಲ. ಹೆಂಗಸರ ಮನಸ್ಸು ಅಣ್ಣನ ಕಡೆ ಇತ್ತು. ಅತ್ತಿಗೆ ಸತ್ತ ಸಂಗತಿ ಎಲ್ಲ ಬಾವಿಕಟ್ಟೆಗಳಲ್ಲೂ ಗೊತ್ತಿತ್ತು, ಬೇನೆ ತಿಂದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಗಾಗಿ ಕಾರಭಾರಿ ಬೀರೋಬಾನ ಗುಡಿಯಲ್ಲಿ, ಗೌಡರಿಗೇ ಮತ ಹಾಕುತ್ತೇವೆ ಎಂದು ಹೆಂಗಸರಿಂದ ಭಂಡಾರ ಎತ್ತಿಸುವ ಯೋಚನೆ ಮಾಡಿದ್ದ. ನಮ್ಮವರಲ್ಲಿ ದೇವರ ಅರಿಶಿಣಪುಡಿಯನ್ನು ಕೈಯಲ್ಲಿ ಹಿಡಿದು ಕೊಟ್ಟ ಮಾತು ಮುರಿಯುವಂತಿಲ್ಲ. ಮುರಿದರೆ ಹಿಂಡು ಉಳಿಯುವುದಿಲ್ಲ, ಹೊಟ್ಟೆಯ ಮಕ್ಕಳು ಉಳಿಯುವುದಿಲ್ಲ. ಆದರೆ ಯಾವ ಹೆಂಗಸೂ ಮೊದಲು ಕೈ ಚಾಚಲು ಒಪ್ಪಿರಲಿಲ್ಲ. ನಿಂತವನ ತಂಗಿಯೇ ಮೊದಲು ಎತ್ತಿದರೆ ಉಳಿದವರಿಗೆ ಸಂಕೋಚ ಇರುವುದಿಲ್ಲ ಎಂದು ಅವನು ಅತ್ತೆಗೆ ಮೆಲ್ಲಗೆ ಹೇಳಿದ. ಎತ್ತದಿದ್ದರೆ ಹಿಂಡನ್ನು ಬೇರೆ ಕಡೆ ಹೊಡೆದುಕೊಂಡು ಹೋಗಬಹುದು ಎಂದೂ ಹೇಳಿದ.

ನನ್ನ ಗಂಡ ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ಅತ್ತೆ ನನ್ನ ಕಡೆ ತಿರುಗಿ, "ನಿಮ್ಮಣ್ಣ ಮುಂಬೈಕ ಹೋಗ್ತಾನವ್ವ. ನಮ್ಮ ಕುರಿ ನೀರ ಕುಡ್ಯಾಕ ಮುಂಬೈಕ ಹೋಗ್ಬೇಕೇನು?" ಎಂದಳು.

ಅವರ ಒತ್ತಾಯದಿಂದ ಮಾಡಿದೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನನ್ನದೇ ಒಂದು ಜಾಣತನ ಅದರಲ್ಲಿತ್ತು. ಮತದ ಡಬ್ಬಿಗಳನ್ನು ಪರದೆಯ ಹಿಂದೆ ಇಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ, ಮೇಲೆ ಚಿತ್ರ ಹಚ್ಚಿರುತ್ತದೆ, ಚೀಟಿಯನ್ನು ಯಾವುದರಲ್ಲಿ ಹಾಕಿದೆ ಎಂಬುದು ಯಾರಿಗೂ ಕಾಣುವುದಿಲ್ಲ ಎಂದು ಅಣ್ಣನೇ ನನಗೆ ಹೇಳಿಕೊಟ್ಟಿದ್ದ. ಗೌಡರಿಗೆ ಬಾಯಿಮಾತು ಕೊಟ್ಟು ಅಣ್ಣನಿಗೆ ಚೀಟಿ ಕೊಡೋಣ, ಬೀರೋಬಾನ ಎದುರು ತಪ್ಪೊಪ್ಪಿ ಒಂದು ಮರಿ ಬಿಟ್ಟರಾಯಿತು ಎಂದುಕೊಂಡೆ. ಗುಡಿಗೆ ಹೋದೆ. ಪೂಜಾರಿ ತಾಟು ಹಿಡಿದಿದ್ದ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಮುಂದೆ ಹೋಗಿ ಭಂಡಾರ ಎತ್ತಿದೆ, ಹಣೆಗೆ ಹಚ್ಚಿಕೊಂಡೆ, ಅವರು ಹೇಳಿದ ಮಾತು ಹೇಳಿದೆ. ನನ್ನ ಹಿಂದೆ ಸಾಲು ಹಚ್ಚಿ ಎಲ್ಲರೂ ಎತ್ತಿದರು.

ಒಂದು ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಎತ್ತಿದ್ದು ಕಳ್ಳ ಭಂಡಾರ. ನನ್ನ ಹಿಂದೆ ಬಂದವರು ಎತ್ತಿದ್ದು ನಿಜವಾದ ಭಂಡಾರ.

ಅದು ತಿಳಿದದ್ದು ಮತ ಹಾಕುವ ದಿನ, ಸಾಲಿಯ ಮುಂದೆ ಪಾಳಿಯಲ್ಲಿ ನಿಂತಾಗ. ನನ್ನ ಹಿಂದಿದ್ದ ಹೆಂಗಸು, ಎರಡು ಕೂಸು ಕಳೆದುಕೊಂಡವಳು, ನನ್ನ ಕಿವಿಯ ಹತ್ತಿರ ಬಂದಳು.

"ನಿಮ್ಮಣ್ಣನ ಏಣಿ ಡಬ್ಬಿಗೇ ಹಾಕಬೇಕಂತ ಬಾಳ ಇತ್ತವ್ವ. ನೀನ ಎತ್ತಿದಿ ಅಂದ ಮ್ಯಾಲ ನಾವೂ ಎತ್ತೀವಿ. ನಮ್ಮ ಮ್ಯಾಲ ಸಿಟ್ಟಾಗಬ್ಯಾಡ ಅಂತ ಹೇಳು ಅವಗ."

ಪರದೆಯ ಹಿಂದೆ ಹೋದೆ. ಏಣಿಯ ಡಬ್ಬಿ ಇತ್ತು, ಪಕ್ಕದಲ್ಲಿ ಗೌಡರ ಡಬ್ಬಿ ಇತ್ತು. ಏಣಿಯ ಕಡೆ ಕೈ ಒಯ್ದೆ. ಮನೆಯಲ್ಲಿ ಮೊಲೆ ಕುಡಿಯುವ ಮಗಳಿದ್ದಳು. ಅವಳ ಮುಖ ಕಣ್ಣ ಮುಂದೆ ಬಂದು ಕೈ ನಿಂತಿತು. ಗೌಡರ ಕಡೆ ಒಯ್ದೆ. ಗಾಡಿಯ ಕೆಳಗೆ ಮಲಗಿದ್ದ ಅತ್ತಿಗೆ ಕಂಡಳು. ಹೊರಗಿದ್ದ ಸಾಹೇಬ ಮರಾಠಿಯಲ್ಲಿ, "ಬಾಯಿ, ಲೌಕರ," ಬೇಗ ಆಗಲಿ ಎಂದು ಕೂಗಿದ. ಚೀಟಿಯನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡು ಹೊರಗೆ ಬಂದೆ. ಮನೆಗೆ ಬಂದು ಒಲೆಗೆ ಹಾಕಿದೆ. ದೇವರಿಗೆ ಕೊಟ್ಟ ಮಾತೂ ಉಳಿಯಲಿಲ್ಲ, ಅಣ್ಣನೂ ಉಳಿಯಲಿಲ್ಲ.

ನನ್ನ ಒಂದು ಚೀಟಿಯಿಂದ ಅವನು ಗೆಲ್ಲುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ನಮ್ಮ ಊರಿನ ಏಣಿಯ ಡಬ್ಬಿಯನ್ನು ಎತ್ತಿದಾಗ ಹಗುರಾಗಿತ್ತೆಂದು ಎಲ್ಲರೂ ಆಡಿಕೊಂಡರು. ಅಣ್ಣ ಬೇರೆಲ್ಲೂ ಅಷ್ಟು ಕೆಟ್ಟದಾಗಿ ಸೋಲಲಿಲ್ಲ. ಸೋತದ್ದು ತಂಗಿಯ ಊರಿನಲ್ಲಿ.

ನಾಗರಪಂಚಮಿಗೆ ತಪ್ಪದೆ ನನ್ನನ್ನು ಕರೆಯಲು ಬಂದ. ಉಂಡಿಯ ಗಂಟು, ಮಗಳಿಗೆ ಅಂಗಿ. ಅತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪ ಎಂದಳು. ಅವನು, ಇಟಲಿಯಲ್ಲಿ ಕಟ್ಟಿದ ಸೇತುವೆ ಎಷ್ಟೋ ಸಲ ನೀರಿಗೆ ಹೋಗುತ್ತಿತ್ತು, ಮರುದಿನ ಮತ್ತೆ ಕಟ್ಟುತ್ತಿದ್ದೆವು ಎಂದ. ನಾನು ನೀರು ಕೊಟ್ಟು ಎಂದಿನ ಹಾಗೆ ಅವನ ಬಲಗಡೆ ಕೂತೆ. ಅವನು ಎದ್ದ. ಕಂಬಳಿಯನ್ನು ಎಳೆದು ನನ್ನ ಆ ಬದಿಗೆ ಹಾಕಿಕೊಂಡು ಕೂತ. ನಾನು ಅವನ ಎಡಗಡೆ ಆದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಅವಳಿಗೆ ಸಲಾಮು ಹೊಡೆಯುವುದನ್ನು ಕಲಿಸಿದ.

ಅಂದಿನಿಂದ ಯಾವಾಗ ಹೋದರೂ ನನಗೆ ಎಡಗಡೆಯೇ. ನನ್ನ ಮಾತು ಬೇಡವಾಗಿತ್ತೋ, ನಾನು ಹೇಳಲಾಗದ ಮಾತನ್ನು ಹೇಳುವ ಕಷ್ಟ ನನಗೆ ಬರಬಾರದೆಂದೋ, ನಾನು ಕೇಳಲಿಲ್ಲ.

ಅವನು ಹಳ್ಳದಲ್ಲಿ ಕಲ್ಲು ಜೋಡಿಸತೊಡಗಿದ. ಸುಗ್ಗಿ ಮುಗಿದ ಮೇಲೆ ಗುಡ್ಡದಿಂದ ಗಾಡಿಯಲ್ಲಿ ಕಲ್ಲು ತಂದು, ಈ ದಂಡೆಯಿಂದ ಆ ದಂಡೆಗೆ ಒಡ್ಡಿನ ಹಾಗೆ ಕಟ್ಟಿ, ಸಂದಿಯಲ್ಲಿ ನೀರು ಹೋಗಲು ದಾರಿ ಬಿಡುತ್ತಿದ್ದ. ಮೊದಲ ವರ್ಷ ಊರವರೂ ಕೈಗೂಡಿಸಿದರು. ಮಳೆಗಾಲದಲ್ಲಿ ಹಳ್ಳ ಅದನ್ನು ಕಿತ್ತುಕೊಂಡು ಹೋಯಿತು. ಮತ್ತೆ ಕಟ್ಟಿದ, ಮತ್ತೆ ಹೋಯಿತು. ಬರುವವರು ಕಡಿಮೆಯಾಗಿ ಕೊನೆಗೆ ಅವನೊಬ್ಬನೇ ಉಳಿದ. ಸಾಲು ಸೊಟ್ಟಾದರೆ ಉಣ್ಣದಿದ್ದವನ ಹೊಲದಲ್ಲಿ ಕಸ ಬೆಳೆಯಿತು. ಆರ್ನೋ ಕಲ್ಲು ಎಳೆದು ಎಳೆದು ಹೆಗಲು ಹುಣ್ಣಾಗಿ ಸತ್ತಿತು. ಬೇವಿನ ಗಿಡದ ಕನ್ನಡಿ ಒಡೆದದ್ದು ಒಡೆದ ಹಾಗೇ ಇತ್ತು. ಗಡ್ಡ ಬಿಟ್ಟ ಅವನನ್ನು ಸಂತೆಯಲ್ಲಿ ಗುರುತು ಹಿಡಿಯದವರೂ ಇದ್ದರು. ಅವನಿಗೆ ಹುಚ್ಚು ಹಿಡಿದಿದೆ ಎಂದರು. ನನಗೂ ಹಾಗೆ ಅನಿಸಿದ ದಿನಗಳಿವೆ. ಹಾಗೆ ಅನಿಸಿದಾಗ ನನ್ನ ತಪ್ಪಿನ ಭಾರ ಸ್ವಲ್ಪ ಕಡಿಮೆಯಾದಂತೆ ಆಗುತ್ತಿತ್ತು. ಅದನ್ನೂ ಬರೆಯುತ್ತೇನೆ.

ಒಂದು ಸಲ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೇ ಹೋದೆ. ಅಂದು ಹೇಳಿಯೇಬಿಡಬೇಕೆಂದು ಹೊರಟಿದ್ದೆ. ಅವನು ಮೊಣಕಾಲು ನೀರಿನಲ್ಲಿ ನಿಂತಿದ್ದ. "ಅಣ್ಣಾ, ನಾ ಅವತ್ತು" ಎಂದು ಶುರು ಮಾಡಿದೆ.

"ಈ ಕಲ್ಲು ಹಿಡಿಯವ್ವ," ಎಂದ. ಹಿಡಿದೆ. ಹೊತ್ತು ಮುಳುಗುವ ತನಕ ಇಬ್ಬರೂ ಕಲ್ಲು ಇಟ್ಟೆವು.

ಹೋದ ಬೇಸಿಗೆಯಲ್ಲಿ ದೊಡ್ಡ ಕಲ್ಲೊಂದು ಜಾರಿ ಅವನ ಪಾದದ ಮೇಲೆ ಬಿತ್ತು. ಸೊಪ್ಪು ಅರೆದು ಕಟ್ಟಿಕೊಂಡು ಮತ್ತೆ ಹಳ್ಳಕ್ಕೆ ಇಳಿದಿದ್ದನಂತೆ. ನನಗೆ ಸುದ್ದಿ ಬರುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ನಾನೂ ನನ್ನ ಗಂಡನೂ ಅವನನ್ನು ಸೋಲಾಪುರದ ದೊಡ್ಡ ದವಾಖಾನೆಗೆ ಒಯ್ದೆವು. ಡಾಕ್ಟರು ನೋಡಿ, ಬಹಳ ತಡಮಾಡಿ ತಂದಿರಿ ಎಂದರು.

ಉದ್ದನೆಯ ಕೋಣೆಯ ಕೊನೆಯ ಮಂಚ ಅವನದು. ಬಲಗಡೆ ಗೋಡೆ. ಹಾಗಾಗಿ ಯಾರೇ ಕೂತರೂ ಅವನ ಎಡಗಡೆಯೇ ಕೂರಬೇಕು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದರೆ ಪಲ್ಟಣದ ತುತ್ತೂರಿ ಎಂದುಕೊಂಡು ಏಳಲು ನೋಡುತ್ತಿದ್ದ, ಕಂಬಳಿ ಮಡಚಲು ಕೈ ಚಾಚುತ್ತಿದ್ದ. ಜ್ವರ ಏರಿದಾಗ ಯಾರಿಗೋ ಹಿಂದಿಯಲ್ಲಿ ಹಗ್ಗ ಬಿಡು, ಹಗ್ಗ ಬಿಡು ಎನ್ನುತ್ತಿದ್ದ.

ಆ ಸಂಜೆ ಜ್ವರ ಇಳಿದಂತೆ ಕಂಡಿತು. ಗಂಡ ಚಹಾ ತರಲು ಹೋಗಿದ್ದರು. ಅಣ್ಣ ಅಂಗಾತ ಮಲಗಿ ಕಣ್ಣು ಮುಚ್ಚಿದ್ದ. ನಾನು ಸ್ಟೂಲಿನಿಂದ ಬಗ್ಗಿ, ಅವನ ಎಡಗಿವಿಯ ಹತ್ತಿರ ಬಾಯಿ ಇಟ್ಟು ಎಲ್ಲವನ್ನೂ ಹೇಳಿದೆ. ಭಂಡಾರ, ನನ್ನ ಹಿಂದೆ ಬಂದ ಹೆಂಗಸರು, ಕುಬಸದ ಚೀಟಿ, ಒಲೆ. ಯಾವುದನ್ನೂ ಬಿಡಲಿಲ್ಲ. ಆ ಕಿವಿಗೆ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೇಳಿದೆ. ಹೇಳಿ ಮುಗಿಸಿದಾಗ ಮೈ ಹಗುರಾಯಿತು.

ಉಸಿರು ತಾಗಿತೋ ಏನೋ, ಅಣ್ಣ ಕಣ್ಣು ತೆರೆದ. ನನ್ನ ತುಟಿಗಳನ್ನು ನೋಡಿದ. ಆಮೇಲೆ ಮಂಚದ ಪಟ್ಟಿ ಹಿಡಿದು, ಆ ಕಾಲನ್ನು ಎಳೆದುಕೊಳ್ಳುತ್ತ, ಹಲ್ಲು ಕಚ್ಚಿ ನನ್ನ ಕಡೆಗೆ ಮಗ್ಗುಲಾದ. ಕೇಳದ ಕಿವಿ ತಲೆದಿಂಬಿನಲ್ಲಿ ಹೂತುಹೋಯಿತು. ಕೇಳುವ ಕಿವಿ ಮೇಲೆ ಬಂತು. ಪಂಚಮಿಯಿಂದ ಆಚೆಗೆ ಅವನು ಅದನ್ನು ನನಗೆ ಕೊಟ್ಟಿರಲಿಲ್ಲ.

"ಹೂಂ, ತಂಗಿ," ಎಂದ. "ಈಗ ಹೇಳು."

ಅವನು ಕಾದ.

"ಗಂಜಿ ಕುಡೀತಿಯೇನಣ್ಣಾ?" ಎಂದೆ.

ಅವನು ನನ್ನನ್ನೇ ನೋಡುತ್ತಿದ್ದ. ಬ್ಯಾಡವ್ವ ಎಂದ.

ಹೆಣವನ್ನು ಲಾರಿಯಲ್ಲಿ ಹಳ್ಳದ ದಂಡೆಯವರೆಗೆ ತಂದೆವು. ಮಳೆ ಇನ್ನೂ ಶುರುವಾಗಿರಲಿಲ್ಲ. ಆ ವರ್ಷ ಅವನು ಕಟ್ಟಿದ ಕಲ್ಲು ನಿಂತಿತ್ತು. ಹೊತ್ತವರು ಅದರ ಮೇಲೆ ಕಾಲಿಟ್ಟಾಗ ನನ್ನ ಗಂಡ ಹಿಂದಿನಿಂದ, ಹೆಜ್ಜೆ ಕೂಡಿಸಬೇಡಿರಿ ಎಂದು ಕೂಗಿದರು. ಒಮ್ಮೆ ಅವನನ್ನು ಅಣಕಿಸುತ್ತಿದ್ದ ಹುಡುಗರೇ ಈಗ ಹೆಗಲು ಕೊಟ್ಟಿದ್ದರು. ಅವರು ಹೆಜ್ಜೆ ಮುರಿದು, ಓಲಾಡುತ್ತ, ಅವನನ್ನು ದಾಟಿಸಿದರು.

ಊರಲ್ಲಿ ಜನ ಅದನ್ನೇ ನೆನೆಸುತ್ತಾರೆ. ನನಗೆ ಕಾಣುವುದು ಆ ಮಂಚ. ನಾನು ಗಂಜಿ ಎಂದ ಮೇಲೂ ಅವನು ಅಂಗಾತ ತಿರುಗಲಿಲ್ಲ. ನೋವಿಗೆ ಒಮ್ಮೊಮ್ಮೆ ನರಳುತ್ತಿದ್ದ, ಆದರೂ ಅದೇ ಮಗ್ಗುಲು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಭೋಂಗಾ ಕೂಗಿತು, ಅವನು ಏಳಲು ನೋಡಲಿಲ್ಲ. ದಾದಿ ಬಂದು ಮುಟ್ಟಿ ನೋಡಿ ಚಾದರ ಎಳೆಯುವ ತನಕ ಅವನ ಬಲಗಿವಿ ನನ್ನ ಕಡೆಗೇ ಇತ್ತು.